ಹಳೆಯ ಕಂಪ್ಯೂಟರಿಗೆ ಹಣ ಹಾಕುವ ಮುನ್ನ

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹರೂಪ)



ಬೆಳಗಿನಿಂದ ಕೆಚ್ಚಲು ಬಾವು, ಹಸಿರು ಮೇವು, ಬೆದೆಯ ಲಕ್ಷಣಗಳ ಬಗ್ಗೆ ಮಾತನಾಡಿದ್ದಾಯಿತು. ಊಟದ ನಂತರದ ಈ ಅರ್ಧ ಗಂಟೆಯಲ್ಲಿ ಸ್ವಲ್ಪ ಬೇರೆ ವಿಷಯ ಹೇಳಬೇಕೆಂದಿದ್ದೇನೆ. ಮನೆಯಲ್ಲಿರುವ ಹಳೆಯ ಕಂಪ್ಯೂಟರನ್ನು ದುರಸ್ತಿ ಮಾಡಿಸಿ ಉಳಿಸಿಕೊಳ್ಳಬೇಕೆ, ಹೊಸದನ್ನು ಕೊಳ್ಳಬೇಕೆ ಎಂಬುದೇ ಆ ವಿಷಯ. ಪಶುವೈದ್ಯರಿಗೆ ಕಂಪ್ಯೂಟರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಹಸುವನ್ನು ನೋಡಲು ಮನೆಗಳಿಗೆ ಹೋದಾಗ ಇತ್ತೀಚೆಗೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪಶು ಆಹಾರಕ್ಕೆ ಹಣ ಬರುವ ಬಟವಾಡೆಯಿಂದಲೇ ಕಂಪ್ಯೂಟರಿಗೂ ಹಣ ಹೋಗುತ್ತದೆ. ಆದ್ದರಿಂದ ಇದು ನಮ್ಮ ಹೈನುಗಾರಿಕೆಯ ಲೆಕ್ಕದೊಳಗಿನ ವಿಷಯವೇ ಆಗಿದೆ.

2020 ಮತ್ತು 2021ರಲ್ಲಿ ಕೋವಿಡ್ ಕಾರಣದಿಂದ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳು ಆನ್‌ಲೈನ್ ಆದಾಗ ಹಳ್ಳಿಯ ಎಷ್ಟೋ ಮನೆಗಳಿಗೆ ಮೊದಲ ಬಾರಿ ಕಂಪ್ಯೂಟರ್ ಬಂತು. ಹಲವರು ಆಗಲೇ ಐದಾರು ವರ್ಷ ಹಳೆಯದಾಗಿದ್ದ ಸೆಕೆಂಡ್ ಹ್ಯಾಂಡ್ ಡಬ್ಬಗಳನ್ನು ಕೊಂಡರು. ಅವಕ್ಕೆ ಈಗ ಹತ್ತು ವರ್ಷ ಮೀರಿದೆ. ಆನ್ ಮಾಡಿ ಹಾಲು ಕರೆದು ಬಂದರೂ ಪರದೆ ಮೂಡಿರುವುದಿಲ್ಲ ಎಂದು ಮಕ್ಕಳು ಗೊಣಗುತ್ತಾರೆ. ಅಂಗಡಿಯವರು ಇದು ಆಗೋದಿಲ್ಲ, ಹೊಸದು ತಗೊಳ್ಳಿ ಎನ್ನುತ್ತಾರೆ. ತಂದೆ ತಾಯಿ ನಡುವೆ ಸಿಕ್ಕಿಕೊಳ್ಳುತ್ತಾರೆ.

ಮೊದಲು ಲೀಟರಿನಲ್ಲಿ ಲೆಕ್ಕ ಹಾಕಿ

ಕಂಪ್ಯೂಟರಿನ ಬೆಲೆಯನ್ನು ರೂಪಾಯಿಯಲ್ಲಿ ಕೇಳಿದರೆ ಅದರ ಭಾರ ತಿಳಿಯುವುದಿಲ್ಲ. ಹಾಲಿನ ಲೀಟರಿನಲ್ಲಿ ಲೆಕ್ಕ ಹಾಕಿ ನೋಡಿ. ಮೇವು, ಪಶು ಆಹಾರ, ಔಷಧಿ ಎಲ್ಲ ಕಳೆದು ಲೀಟರಿಗೆ 10 ರೂಪಾಯಿ ಕೈಯಲ್ಲಿ ಉಳಿಯುತ್ತದೆಂದು ಉದಾಹರಣೆಗೆ ಹಿಡಿಯೋಣ. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು, ಅದನ್ನೇ ಹಾಕಿಕೊಳ್ಳಿ. 40,000 ರೂಪಾಯಿಯ ಹೊಸ ಕಂಪ್ಯೂಟರ್ ಎಂದರೆ 4,000 ಲೀಟರ್ ಹಾಲು. ದಿನಕ್ಕೆ 10 ಲೀಟರ್ ಕೊಡುವ ಒಂದು ಹಸುವಿನ 400 ದಿನಗಳ ಉಳಿಕೆ. ಹಸುವಿನ ಒಂದು ಕರಾವಿನ ಅವಧಿಯನ್ನು ನಾವು 305 ದಿನವೆಂದು ಲೆಕ್ಕ ಹಿಡಿಯುತ್ತೇವೆ. ಅಂದರೆ ಒಂದು ಹಸು ಒಂದು ಪೂರ್ತಿ ಕರಾವು ದುಡಿದರೂ ಆ ಸಾಲ ತೀರುವುದಿಲ್ಲ. ಅದೇ 4,000 ರೂಪಾಯಿಯಲ್ಲಿ ಹಳೆಯದು ಸರಿಹೋದರೆ 400 ಲೀಟರ್, ಅದೇ ಹಸುವಿನ 40 ದಿನ.

ಕಂತಿನಲ್ಲಿ ಕೊಳ್ಳುವವರು ಇನ್ನೊಂದು ಮಾತು ನೆನಪಿಡಬೇಕು. ಕರು ಹಾಕುವ ಮೊದಲು ಎರಡು ತಿಂಗಳು ಹಸುವಿನ ಹಾಲು ಬತ್ತಿಸಲೇಬೇಕು. ಆ ಎರಡು ತಿಂಗಳು ಕಂತು ಬತ್ತುವುದಿಲ್ಲ. ಕಂತು ಕಟ್ಟಲು ಬತ್ತಿದ ಹಸುವಿನ ಆಹಾರ ಕಡಿಮೆ ಮಾಡಿದರೆ ಮುಂದಿನ ಕರಾವಿನಲ್ಲಿ ಹಾಲು ಇಳಿಯುತ್ತದೆ.

ಹಾಗೆಂದು ಮಕ್ಕಳ ಓದಿಗೆ ಖರ್ಚು ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಕಂಪ್ಯೂಟರ್ ಕೆಲಸ ಮಾಡದೆ ಮಗಳ ಒಂದು ವರ್ಷದ ಓದು ಕುಂಟಿದರೆ ಅದರ ನಷ್ಟ ಹಾಲಿನ ಲೆಕ್ಕಕ್ಕಿಂತ ದೊಡ್ಡದು. ಎಲ್ಲಿ ಖರ್ಚು ಮಾಡಿದರೆ ಫಲ ಸಿಗುತ್ತದೆ ಎಂಬುದನ್ನು ತಿಳಿದು ಮಾಡಬೇಕು ಎಂಬುದಷ್ಟೇ ನನ್ನ ಮಾತು.

ಒಂದು ಮನೆಯ ಉದಾಹರಣೆ

ಮಾತು ಸ್ಪಷ್ಟವಾಗಲೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೂರು ಮಿಶ್ರತಳಿ ಹಸುಗಳಿವೆ. ಮಗಳು ಬಿ.ಕಾಂ. ಮೊದಲ ವರ್ಷದಲ್ಲಿದ್ದಾಳೆ. ಮನೆಯಲ್ಲಿ 2014ರ ಸುಮಾರಿನ ಒಂದು ಡೆಸ್ಕ್‌ಟಾಪ್ ಇದೆ. ಇಂಟೆಲ್ ಐ3 ನಾಲ್ಕನೇ ಪೀಳಿಗೆಯ ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಆಗಲು ಐದು ನಿಮಿಷ ಬೇಕು. ನಡುವೆ ತಾನಾಗಿಯೇ ಆಫ್ ಆಗುತ್ತದೆ. ತಾರೀಖು ತಪ್ಪು ತೋರಿಸುತ್ತದೆ. ಈ ಮನೆಯವರು ಏನು ಮಾಡಬೇಕು?

ಮೂರು ಸಲ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದ ಹಸುವಿಗೆ ಪರೀಕ್ಷೆ ಇಲ್ಲದೆ ನಾಲ್ಕನೇ ಸಲ ಮಾಡಿಸಬೇಡಿ ಎಂದು ನಾವು ಹೇಳುತ್ತೇವೆ. ಅಂತಹ ಹಸುವನ್ನು ಅವಸರದಲ್ಲಿ ಮಾರಿಬಿಡಬೇಡಿ ಎಂದೂ ಹೇಳುತ್ತೇವೆ. ಮೊದಲು ಕಾರಣ ತಿಳಿಯಬೇಕು. ಕಂಪ್ಯೂಟರಿಗೂ ಅದೇ ನಿಯಮ.

ಮೊದಲ ಕೆಲಸ: ಇರುವುದನ್ನು ಕಾಪಾಡಿಕೊಳ್ಳಿ

ಯಾವ ದುರಸ್ತಿಗೂ ಮೊದಲು ಅದರೊಳಗಿನ ಕಡತಗಳ ಪ್ರತಿ ತೆಗೆದಿಡಿ. ಮದುವೆಯ ಫೋಟೋ, ಸ್ಕ್ಯಾನ್ ಮಾಡಿದ ಪಹಣಿ, ಅಂಕಪಟ್ಟಿ, ಮಕ್ಕಳ ಪಾಠದ ಟಿಪ್ಪಣಿ, ಇವೆಲ್ಲ ಹಾರ್ಡ್ ಡಿಸ್ಕ್ ಕೆಟ್ಟ ದಿನ ಹೋಗಿಬಿಡುತ್ತವೆ. ಡಬ್ಬ ಹೋದರೆ ಇನ್ನೊಂದು ಸಿಗುತ್ತದೆ, ತೀರಿಕೊಂಡ ಹಿರಿಯರ ಫೋಟೋ ಸಿಗುವುದಿಲ್ಲ. ಎರಡು ಪ್ರತಿ ಮಾಡಿ. ಒಂದು ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕ್‌ನಲ್ಲಿ ಮನೆಯಲ್ಲಿರಲಿ, ಇನ್ನೊಂದು ನೆಂಟರ ಮನೆಯಲ್ಲೋ ಇಂಟರ್‌ನೆಟ್ ಖಾತೆಯಲ್ಲೋ ಇರಲಿ. ಡಿಸ್ಕ್‌ನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಈ ಕೆಲಸ ಇವತ್ತೇ ಆಗಬೇಕು. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶವಿದೆ. ಅದು ಎಚ್ಚರಿಕೆ ತೋರಿಸಿದರೆ ಆ ಡಿಸ್ಕ್ ನಂಬಬೇಡಿ.

ಎರಡನೆಯ ಕೆಲಸ: ಪುಕ್ಕಟೆ ಚಿಕಿತ್ಸೆ

ನಮ್ಮ ಮನೆಗಳು ಕೊಟ್ಟಿಗೆಗೆ ಹತ್ತಿರ. ಬೂಸಾ, ಒಣಹುಲ್ಲಿನ ಧೂಳು ಗಾಳಿಯಲ್ಲಿ ಸದಾ ಇರುತ್ತದೆ. ಕಂಪ್ಯೂಟರಿನ ಫ್ಯಾನು ಆ ಧೂಳನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳಲ್ಲಿ ಧೂಳು ಕಟ್ಟಿದಾಗ ಶಾಖ ಹೊರಗೆ ಹೋಗದೆ ಯಂತ್ರ ನಿಧಾನವಾಗುತ್ತದೆ, ಕೊನೆಗೆ ತಾನಾಗಿಯೇ ಆಫ್ ಆಗುತ್ತದೆ. ಪ್ಲಗ್ ಕಿತ್ತು, ಬದಿಯ ತಗಡು ಬಿಚ್ಚಿ, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್‌ನಿಂದ ಊದಿಸಿ. ಒದ್ದೆ ಬಟ್ಟೆ ಬೇಡ. ಇಷ್ಟಾದರೂ ಬಿಸಿ ಹೆಚ್ಚಿದ್ದರೆ ಪ್ರೊಸೆಸರ್ ಮತ್ತು ಫ್ಯಾನಿನ ನಡುವೆ ಹಚ್ಚುವ ಪೇಸ್ಟ್ ಒಣಗಿರಬಹುದು. ಅದನ್ನು ಹೊಸದಾಗಿ ಹಚ್ಚಿಸುವುದು ಸಣ್ಣ ಖರ್ಚು.

ತಾರೀಖು ತಪ್ಪು ತೋರಿಸುವುದಕ್ಕೆ ಕಾರಣ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂತಹ ಬ್ಯಾಟರಿ. ಸಾಮಾನ್ಯವಾಗಿ ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ತಾರೀಖು ತಪ್ಪಿದರೆ ಬ್ಯಾಂಕಿನ, ಕಾಲೇಜಿನ ತಾಣಗಳು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ತೋರಿಸಿ ತೆರೆಯುವುದೇ ಇಲ್ಲ. ಇಂಟರ್‌ನೆಟ್ ಹಾಳಾಗಿದೆ ಎಂದು ಜನ ತಿಳಿಯುತ್ತಾರೆ. ಆ ಬ್ಯಾಟರಿಯ ಬೆಲೆ ನೂರು ರೂಪಾಯಿಯ ಒಳಗೆ. ಹಳೆಯ ಬ್ಯಾಟರಿ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಮಗು ಅದನ್ನು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೇಡದ ತಂತ್ರಾಂಶಗಳನ್ನು ತೆಗೆದುಹಾಕಿ, ಆನ್ ಆಗುವಾಗಲೇ ತಾವಾಗಿ ಶುರುವಾಗುವವುಗಳನ್ನು ನಿಲ್ಲಿಸಿ. ಇದಕ್ಕೆ ಖರ್ಚಿಲ್ಲ, ಮಕ್ಕಳೇ ಮಾಡಬಲ್ಲರು.

ಮೂರನೆಯ ಕೆಲಸ: ರೋಗ ಪತ್ತೆ

ಇಷ್ಟಾದ ಮೇಲೂ ನಿಧಾನವಿದ್ದರೆ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಅದರಲ್ಲಿ ಪರ್‌ಫಾರ್ಮೆನ್ಸ್ ಎಂಬಲ್ಲಿ ಒತ್ತಿ. ನಿಮ್ಮ ನಿತ್ಯದ ಕೆಲಸ ನಡೆಯುತ್ತಿರುವಾಗಲೇ ಸಿಪಿಯು, ಮೆಮೊರಿ, ಡಿಸ್ಕ್ ಈ ಮೂರರ ಶೇಕಡಾವಾರು ಅಂಕಿಗಳನ್ನು ಹತ್ತು ನಿಮಿಷ ಗಮನಿಸಿ ಬರೆದುಕೊಳ್ಳಿ.

ಡಿಸ್ಕ್ ಶೇಕಡ 100ರಲ್ಲಿ ನಿಂತು ಸಿಪಿಯು 20, 30ರಲ್ಲಿದ್ದರೆ ರೋಗ ಡಿಸ್ಕ್‌ನದು. ಮೆಮೊರಿ 90ರ ಮೇಲಿದ್ದರೆ ರ‍್ಯಾಮ್ ಸಾಲದು. ಕೆಲವೊಮ್ಮೆ ರ‍್ಯಾಮ್ ಸಾಲದೆ ಯಂತ್ರವು ಡಿಸ್ಕನ್ನೇ ರ‍್ಯಾಮಿನಂತೆ ಬಳಸುವುದರಿಂದ ಎರಡೂ ತುಂಬಿರುತ್ತವೆ. ಸಿಪಿಯು ಸದಾ 100ರಲ್ಲಿದ್ದು, ವೈರಸ್ ಪರೀಕ್ಷೆ ಮಾಡಿಸಿದರೂ, ಧೂಳು ತೆಗೆದರೂ ಇಳಿಯದಿದ್ದರೆ ಮಾತ್ರ ಪ್ರೊಸೆಸರ್ ಸಾಲದು ಎಂದರ್ಥ. ಆಗ ಭಾಗ ಬದಲಿಸಿ ಪ್ರಯೋಜನ ಕಡಿಮೆ.

ನಿಮಗೆ ಪರಿಚಿತವಾದ ಮಾತಿನಲ್ಲಿ ಹೇಳುವುದಾದರೆ, ಖನಿಜಾಂಶದ ಕೊರತೆಯಿರುವ ಹಸುವಿಗೆ ಹಿಂಡಿ ಎರಡು ಪಟ್ಟು ಕೊಟ್ಟರೂ ಕೊರತೆ ನೀಗುವುದಿಲ್ಲ. ದಿನಕ್ಕೆ ಸ್ವಲ್ಪ ಖನಿಜ ಮಿಶ್ರಣ ಕೊಟ್ಟರೆ ಸುಧಾರಿಸುತ್ತದೆ. ಕಡಿಮೆ ಇರುವುದು ಯಾವುದೋ ಅದನ್ನೇ ಕೊಡಬೇಕು. ಮನೆಬಳಕೆಯ ಹಳೆಯ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಕಡಿಮೆ ಬೀಳುವುದು ಡಿಸ್ಕ್‌ನ ವೇಗ, ಆಮೇಲೆ ರ‍್ಯಾಮ್.

ಎರಡು ಔಷಧಿಗಳು

ಹಳೆಯ ಹಾರ್ಡ್ ಡಿಸ್ಕ್‌ನೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿವೆ. ಒಂದು ಮುಳ್ಳು ಅತ್ತಿತ್ತ ಓಡಾಡಿ ಬೇಕಾದ ಕಡತ ಹುಡುಕುತ್ತದೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್‌ನಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್ಪಿನಲ್ಲಿ. ಹುಡುಕಾಟದ ಸಮಯ ಉಳಿಯುವುದರಿಂದ ಐದು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಒಂದು ನಿಮಿಷದೊಳಗೆ ಏಳುವುದು ಸಾಮಾನ್ಯ. ನಾಲ್ಕನೇ ಪೀಳಿಗೆಯಂತಹ ಹಳೆಯ ಡೆಸ್ಕ್‌ಟಾಪಿಗೆ ಎರಡೂವರೆ ಅಂಗುಲದ ಸಾಟಾ ಬಗೆಯ ಎಸ್‌ಎಸ್‌ಡಿ ಹೊಂದುತ್ತದೆ. ಮನೆಬಳಕೆಗೆ 240 ಅಥವಾ 256 ಜಿಬಿ ಸಾಕು. ಫೋಟೋಗಳು ಹಳೆಯ ಡಿಸ್ಕ್‌ನಲ್ಲೇ ಇರಲಿ, ಅದು ಇನ್ನೂ ಆರೋಗ್ಯವಾಗಿದ್ದರೆ ಎರಡನ್ನೂ ಒಂದೇ ಡಬ್ಬದಲ್ಲಿ ಜೋಡಿಸಬಹುದು.

ರ‍್ಯಾಮ್ ಎಂದರೆ ಕೆಲಸ ನಡೆಯುವಾಗಿನ ತಾತ್ಕಾಲಿಕ ನೆನಪು. ಇಂದಿನ ಓದಿನ ಕೆಲಸಕ್ಕೆ 8 ಜಿಬಿ ಇದ್ದರೆ ನೆಮ್ಮದಿ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ರ‍್ಯಾಮ್‌ನಲ್ಲಿ ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಬಗೆಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ನಾಲ್ಕನೇ ಪೀಳಿಗೆಯ ಮನೆಬಳಕೆಯ ಡೆಸ್ಕ್‌ಟಾಪಿಗೆ ಡಿಡಿಆರ್3 ಬೇಕು. ಹಳೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಎರಡನೆಯದು, ವಿಂಡೋಸ್ 32 ಬಿಟ್ ಆವೃತ್ತಿಯಾಗಿದ್ದರೆ ಅದು 4 ಜಿಬಿಗಿಂತ ಹೆಚ್ಚಿನ ರ‍್ಯಾಮನ್ನು ಬಳಸಲಾರದು. 64 ಬಿಟ್ ಹಾಕಿಸದೆ ರ‍್ಯಾಮ್ ಕೊಂಡರೆ ಹಣ ನೀರಿನಲ್ಲಿ ಹೋಮ. ಇನ್ನು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಹೆಚ್ಚಿಸಲು ಬರುವುದಿಲ್ಲ. ಮೊದಲೇ ವಿಚಾರಿಸಿ.

ಬೆಲೆಯ ಬಗ್ಗೆ ಒಂದು ಮಾತು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿತು. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಭಾರಿ ಕಂಪ್ಯೂಟರ್ ಕೇಂದ್ರಗಳು ಅವನ್ನು ಸಗಟಾಗಿ ಕೊಳ್ಳತೊಡಗಿದ್ದು ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಪಕ್ಕದ ಮನೆಯವರು ಹಿಂದೆಂದೋ ಕೊಟ್ಟ ಬೆಲೆಯನ್ನು ನಂಬಿ ಹೋಗಬೇಡಿ. ಎರಡು ಮೂರು ಕಡೆ ಅಂದಿನ ಬೆಲೆ ಕೇಳಿ.

ವಿಂಡೋಸ್ 10ರ ಪ್ರಶ್ನೆ

ನಮ್ಮ ಉದಾಹರಣೆಯ ಮನೆಯಲ್ಲಿ ನಿಜವಾಗಿ ತಲೆನೋವಿನ ವಿಷಯ ಇದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ನವೀಕರಣ ಕೊಡುವುದಾಗಿ ಕಂಪನಿ ಆಗ ತಿಳಿಸಿತು. ಬೆಂಬಲ ಮುಗಿದ ಮಾತ್ರಕ್ಕೆ ಕಂಪ್ಯೂಟರ್ ನಿಲ್ಲುವುದಿಲ್ಲ, ಎಂದಿನಂತೆ ನಡೆಯುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ಮದ್ದು ಬರುವುದಿಲ್ಲ. ಲಸಿಕೆ ನಿಲ್ಲಿಸಿದ ಹಸು ಮರುದಿನವೇ ಕಾಯಿಲೆ ಬೀಳುವುದಿಲ್ಲ. ಊರಿಗೆ ಕಾಲುಬಾಯಿ ಜ್ವರ ಬಂದ ದಿನ ಗೊತ್ತಾಗುತ್ತದೆ. ಹಾಲಿನ ಹಣ ಜಮಾ ಆಗುವ ಬ್ಯಾಂಕ್ ಖಾತೆಯನ್ನು ಅಂತಹ ಕಂಪ್ಯೂಟರಿನಲ್ಲಿ ತೆರೆಯುವುದು ಅಪಾಯ.

ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಷರತ್ತುಗಳಿವೆ. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಇರಬೇಕು. ಪೀಳಿಗೆ ತಿಳಿಯುವುದು ಸುಲಭ. ಐ5-4570 ಎಂದಿದ್ದರೆ ಗೆರೆಯ ನಂತರದ ಅಂಕಿ 4, ಅದು ನಾಲ್ಕನೇ ಪೀಳಿಗೆ. ಐ5-8400 ಎಂಟನೆಯದು. ಐ5-10400 ಹತ್ತನೆಯದು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವೂ ನಿಮ್ಮ ಯಂತ್ರ ಅರ್ಹವೇ ಎಂದು ಹೇಳುತ್ತದೆ. ಅರ್ಹವಲ್ಲದ ಯಂತ್ರಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಅಂತಹ ಯಂತ್ರಕ್ಕೆ ನವೀಕರಣ ಸಿಗುವ ಖಾತ್ರಿಯನ್ನು ಕಂಪನಿ ಕೊಡುವುದಿಲ್ಲ.

ಇನ್ನೊಂದು ದಾರಿ ಲಿನಕ್ಸ್. ಲಿನಕ್ಸ್ ಮಿಂಟ್, ಉಬುಂಟು ಮುಂತಾದವು ಉಚಿತ, ನವೀಕರಣ ಬರುತ್ತಲೇ ಇರುತ್ತದೆ, ಬರವಣಿಗೆ ಮತ್ತು ಲೆಕ್ಕಕ್ಕೆ ಲಿಬ್ರೆ ಆಫೀಸ್ ಇದೆ, ಕನ್ನಡದಲ್ಲಿ ಟೈಪ್ ಮಾಡಬಹುದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ಇದನ್ನು 8 ಜಿಬಿಯ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಇರುವ ವಿಂಡೋಸ್‌ಗೆ ಧಕ್ಕೆಯಾಗುವುದಿಲ್ಲ. ಆದರೆ ಎರಡು ಕೊರತೆಗಳನ್ನು ಮೊದಲೇ ತಿಳಿದಿರಿ. ಟ್ಯಾಲಿಯಂತಹ ತಂತ್ರಾಂಶಗಳು ವಿಂಡೋಸ್‌ಗಾಗಿ ಮಾಡಿದವು. ಹಾಗೆಯೇ ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ, ಅಂದರೆ ಯೂನಿಕೋಡ್ ಅಲ್ಲದ ರೀತಿಯಲ್ಲಿ ಬರೆದಿಟ್ಟ ಕಡತಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಾಗದ ಗೀಚಾಗಿ ಕಾಣುತ್ತವೆ. ಅವನ್ನು ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ನಮ್ಮ ಉದಾಹರಣೆಯ ಮನೆಯ ತೀರ್ಮಾನ

ಈಗ ಆ ಮನೆಗೆ ಹಿಂತಿರುಗೋಣ. ಮಗಳಿಗೆ ಬೇಕಾದದ್ದು ಏನು? ಪಾಠದ ವೀಡಿಯೊ ನೋಡುವುದು, ಟಿಪ್ಪಣಿ ಬರೆಯುವುದು, ಲೆಕ್ಕದ ಹಾಳೆ, ಟ್ಯಾಲಿ ಅಭ್ಯಾಸ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100, ಮೆಮೊರಿ 85, ಸಿಪಿಯು 30 ಕಂಡಿತೆಂದು ಇಟ್ಟುಕೊಳ್ಳಿ. ರೋಗ ಸ್ಪಷ್ಟವಾಯಿತು. ಪ್ರೊಸೆಸರ್ ಗಟ್ಟಿಯಾಗಿದೆ, ಡಿಸ್ಕ್ ಸೋತಿದೆ, ರ‍್ಯಾಮ್ ಅಂಚಿನಲ್ಲಿದೆ.

ಧೂಳು ತೆಗೆಸಿ, ನಾಣ್ಯ ಬ್ಯಾಟರಿ ಬದಲಿಸಿ, ಒಂದು ಎಸ್‌ಎಸ್‌ಡಿ ಹಾಕಿಸಿ ಒಂದು ವಾರ ಬಳಸಲಿ. ರ‍್ಯಾಮ್ ಸಾಲದೆನಿಸಿದರೆ ಮಾತ್ರ 4 ಜಿಬಿಯ ಡಿಡಿಆರ್3 ತುಂಡು ಕೊಳ್ಳಲಿ. ಎರಡನ್ನೂ ಒಂದೇ ದಿನ ಕೊಳ್ಳಬೇಕಿಲ್ಲ. ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಮತ್ತು ವಿಂಡೋಸ್ 10 ಎರಡನ್ನೂ ಇಟ್ಟುಕೊಳ್ಳಬಹುದು. ಇಂಟರ್‌ನೆಟ್ಟಿನ ಕೆಲಸವೆಲ್ಲ ಲಿನಕ್ಸ್‌ನಲ್ಲಿ ಆಗಲಿ. ಟ್ಯಾಲಿ ಅಭ್ಯಾಸ ವಿಂಡೋಸ್‌ನಲ್ಲಿ, ಇಂಟರ್‌ನೆಟ್ ತಂತಿ ಕಿತ್ತಿಟ್ಟು. ಟ್ಯಾಲಿಯಲ್ಲಿ ಕಲಿಯುವವರಿಗಾಗಿ ಪರವಾನಗಿ ಇಲ್ಲದೆ ಬಳಸುವ ಶೈಕ್ಷಣಿಕ ವಿಧಾನವಿದೆ. ಅದರಲ್ಲಿ ಕೆಲವೇ ತಾರೀಖುಗಳಲ್ಲಿ ನಮೂದು ಮಾಡಲು ಬಂದರೂ ಅಭ್ಯಾಸಕ್ಕೆ ತೊಂದರೆಯಿಲ್ಲ.

ಇನ್ನೊಂದು ಕೆಲಸವನ್ನೂ ಇದರ ಜೊತೆ ಮಾಡಬೇಕು. ಆ ಯಂತ್ರ ಎಂದೋ ಒಂದು ದಿನ ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಿಂದ 500 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 24 ಬಟವಾಡೆಗಳಲ್ಲಿ 12,000 ಆಗುತ್ತದೆ, ಎರಡು ವರ್ಷಕ್ಕೆ 24,000. ಮಗಳು ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಸಾಲವಿಲ್ಲದೆ ಬೇರೆ ಯಂತ್ರ ಕೊಳ್ಳುವ ಶಕ್ತಿ ಮನೆಗೆ ಬಂದಿರುತ್ತದೆ.

ಎಲ್ಲಿ ಕೈ ಬಿಡಬೇಕು

ಎಲ್ಲ ಹಳೆಯ ಕಂಪ್ಯೂಟರನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ವಾಸಿಯಾಗದ ಹಸುವಿಗೆ ಔಷಧಿ ಸುರಿಯುತ್ತಾ ಹೋಗುವುದೂ ನಷ್ಟವೇ. ಈ ಸಂದರ್ಭಗಳಲ್ಲಿ ಹಣ ಹಾಕಬೇಡಿ:

1. ಮದರ್‌ಬೋರ್ಡ್ ಕೆಟ್ಟಿದ್ದರೆ. ಹಳೆಯ ಬೋರ್ಡ್ ಹುಡುಕಿ ಹಾಕಿಸಿದರೆ ಅದರ ಆಯಸ್ಸು ಎಷ್ಟೆಂದು ಯಾರೂ ಹೇಳಲಾರರು. ಹೊಸ ಬೋರ್ಡ್ ಹಾಕಿಸಿದರೆ ಪ್ರೊಸೆಸರ್, ರ‍್ಯಾಮ್ ಎಲ್ಲವೂ ಹೊಸದೇ ಬೇಕಾಗುತ್ತದೆ.

2. ಒಟ್ಟು ದುರಸ್ತಿಯ ಖರ್ಚು, ಅದೇ ಕೆಲಸ ಮಾಡಬಲ್ಲ ಬೇರೊಂದು ಯಂತ್ರದ ಬೆಲೆಯ ಮೂರನೇ ಒಂದು ಭಾಗವನ್ನು ಮೀರಿದರೆ. ಇದು ನಾನು ಹೇಳುವ ಅಂದಾಜು ಗೆರೆ. ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕುಳಿತು ಈ ಮೊತ್ತವನ್ನು ಗೊತ್ತುಮಾಡಿಕೊಳ್ಳಿ. ಅಂಗಡಿಯಲ್ಲಿ ನಿಂತಾಗ ಇದೊಂದು, ಅದೊಂದು ಎಂದು ಗೆರೆ ಸರಿಯುತ್ತಾ ಹೋಗುತ್ತದೆ.

3. ಮಗುವಿನ ಕೋರ್ಸಿಗೆ ನಿಜವಾಗಿಯೂ ಶಕ್ತಿಶಾಲಿ ಯಂತ್ರ ಬೇಕಿದ್ದರೆ. ವಾಸ್ತುಶಿಲ್ಪ, ಇಂಜಿನಿಯರಿಂಗ್ ನಕ್ಷೆ, ವೀಡಿಯೊ ಸಂಕಲನದಂತಹ ಓದಿಗೆ ಹತ್ತು ವರ್ಷದ ಯಂತ್ರ ಸಾಲದು. ಕಾಲೇಜಿನ ಅಧ್ಯಾಪಕರನ್ನು ಕೇಳಿ ಬೇಕಾದ ವಿವರ ಬರೆಸಿಕೊಂಡು ಬನ್ನಿ.

4. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಕೂಡಲೇ ಬಳಕೆ ನಿಲ್ಲಿಸಿ. ಬೆಂಕಿಯ ಅಪಾಯವಿದೆ. ಬ್ಯಾಟರಿ ತೆಗೆಸಿದ ನಂತರವೇ ಮುಂದಿನ ಯೋಚನೆ.

ಏನನ್ನು ಕೊಳ್ಳಬೇಕೆಂಬ ಗೊಂದಲವಿದ್ದಾಗ ಈ ಭಾಗ ಮುಂದಿನ ಯಂತ್ರಕ್ಕೂ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಸಾಟಾ ಎಸ್‌ಎಸ್‌ಡಿ, ಯುಪಿಎಸ್, ಮಾನಿಟರ್ ಬರುತ್ತವೆ. ಡಿಡಿಆರ್3 ರ‍್ಯಾಮ್ ಬರುವುದಿಲ್ಲ. ಬರುವುದಕ್ಕೆ ಸ್ವಲ್ಪ ಧಾರಾಳವಾಗಿ, ಬರದಿರುವುದಕ್ಕೆ ಬಿಗಿಯಾಗಿ ಖರ್ಚು ಮಾಡಿ.

ಹೊಸದಕ್ಕೂ ಹಳೆಯದಕ್ಕೂ ನಡುವೆ ಮೂರನೆಯ ದಾರಿಯೂ ಇದೆ. ಕಚೇರಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳನ್ನು ಸರಿಪಡಿಸಿ ಮಾರುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲಿ ಸಿಗುತ್ತವೆ. ಕೊಳ್ಳುವುದಾದರೆ ಎಂಟನೇ ಪೀಳಿಗೆಗಿಂತ ಹಳೆಯದನ್ನು ಕೊಳ್ಳಬೇಡಿ. ಇಲ್ಲವಾದರೆ ಇಂದಿನ ಸಮಸ್ಯೆಯನ್ನೇ ಮತ್ತೆ ಹಣ ಕೊಟ್ಟು ತಂದಂತೆ. ಹಸು ಕೊಳ್ಳುವಾಗ ಎರಡು ಹೊತ್ತು ಹಾಲು ಕರೆದು ನೋಡುವಂತೆ, ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ. ಬಿಲ್ ಮತ್ತು ಬರಹದ ವಾರಂಟಿ ಕೇಳಿ ಪಡೆಯಿರಿ.

ಅಂಗಡಿಯಲ್ಲಿ, ಮನೆಯಲ್ಲಿ

ದುರಸ್ತಿಗೆ ಕೊಡುವಾಗ ಒಳಗಿರುವ ಭಾಗಗಳ ಹೆಸರು, ಸಂಖ್ಯೆ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ವಾಪಸು ತನ್ನಿ. ಮುಖ್ಯವಾಗಿ ಹಾರ್ಡ್ ಡಿಸ್ಕನ್ನು ಬಿಟ್ಟು ಬರಬೇಡಿ, ನಿಮ್ಮ ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿ ಅದರಲ್ಲಿರುತ್ತವೆ.

ನಮ್ಮ ಹಳ್ಳಿಗಳಲ್ಲಿ ಕರೆಂಟಿನ ಏರಿಳಿತ ಕಂಪ್ಯೂಟರಿಗೆ ದೊಡ್ಡ ಶತ್ರು. ಯುಪಿಎಸ್ ಬ್ಯಾಟರಿ ಕೆಲವು ವರ್ಷಗಳಲ್ಲಿ ಸಾಯುತ್ತದೆ, ಅದನ್ನು ಪರೀಕ್ಷಿಸಿ. ಅರ್ಥಿಂಗ್ ಸರಿಯಿರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ಗನ್ನೇ ಕಿತ್ತಿಡಿ.

ಕೊನೆಯದಾಗಿ ಪಶುವೈದ್ಯರಾಗಿ ಒಂದು ಮಾತು. ಕಂಪ್ಯೂಟರ್ ಬಿಚ್ಚಿದಾಗ ಬೀಳುವ ಸ್ಕ್ರೂ, ತಂತಿಯ ತುಂಡು, ತಗಡಿನ ಚೂರುಗಳನ್ನು ಹಿತ್ತಲಿಗೆ, ಗೊಬ್ಬರದ ಗುಂಡಿಗೆ ಗುಡಿಸಬೇಡಿ. ಹಸು ಮೇವನ್ನು ನಾಲಗೆಯಿಂದ ಎಳೆದು ಹೆಚ್ಚು ಅಗಿಯದೆ ನುಂಗುತ್ತದೆ. ಮೇವಿನಲ್ಲಿ ಸೇರಿದ ಚೂಪಾದ ಲೋಹ ಎರಡನೆಯ ಹೊಟ್ಟೆಯಲ್ಲಿ ನಿಂತು ಅದರ ಗೋಡೆಯನ್ನು ಚುಚ್ಚುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಮೇವು ಬಿಡುವುದು, ಬೆನ್ನು ಬಾಗಿಸಿ ನಿಲ್ಲುವುದು, ಹಾಲು ಒಮ್ಮೆಲೇ ಇಳಿಯುವುದು ಇದರ ಲಕ್ಷಣಗಳು. ಲೋಹ ಹೃದಯಕ್ಕೆ ತಲುಪಿದರೆ ಹಸು ಉಳಿಯುವುದು ಕಷ್ಟ. ಕಂಪ್ಯೂಟರ್ ಉಳಿಸಲು ಹೋಗಿ ಹಸು ಕಳೆದುಕೊಳ್ಳುವಂತಾಗಬಾರದು. ಈ ವಸ್ತುಗಳನ್ನು ಸುಡಬಾರದು, ಹೊಲದಲ್ಲಿ ಹೂಳಲೂಬಾರದು. ಒಂದು ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಬಂಧುಗಳೇ, ಇಷ್ಟು ಹೊತ್ತು ಹೇಳಿದ್ದರ ಸಾರಾಂಶ ಇದು. ಕಡತಗಳ ಪ್ರತಿ ತೆಗೆಯಿರಿ. ಧೂಳು ತೆಗೆಯಿರಿ. ಹತ್ತು ನಿಮಿಷ ಅಂಕಿಗಳನ್ನು ನೋಡಿ ಬರೆದುಕೊಳ್ಳಿ. ಖರ್ಚಿನ ಗೆರೆಯನ್ನು ಮನೆಯಲ್ಲೇ ಎಳೆಯಿರಿ. ಮೊದಲು ಎಸ್‌ಎಸ್‌ಡಿ, ಬೇಕಾದರೆ ರ‍್ಯಾಮ್, ಅಲ್ಲಿಗೆ ನಿಲ್ಲಿಸಿ. ನವೀಕರಣವಿಲ್ಲದ ಯಂತ್ರದಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ಮುಂದಿನ ಯಂತ್ರಕ್ಕೆ ಇಂದಿನಿಂದಲೇ ಉಳಿಸಿ. ಈ ಲೆಕ್ಕವನ್ನು ಮನೆಯ ಯಜಮಾನರೊಬ್ಬರೇ ಹಾಕದೆ, ಹಾಲು ಕರೆಯುವ ತಾಯಿ ಮತ್ತು ಓದುವ ಮಕ್ಕಳು ಜೊತೆಗೆ ಕುಳಿತು ಹಾಕಬೇಕು. ದುಡಿಯುವವರು ಯಾರು, ಬಳಸುವವರು ಯಾರು ಎಂಬುದು ಆಗ ಎಲ್ಲರಿಗೂ ತಿಳಿಯುತ್ತದೆ.

ಇನ್ನು ನಾಲ್ಕು ಗಂಟೆಗೆ ಹಾಲು ಕರೆಯುವ ಹೊತ್ತಾಗುತ್ತದೆ.